ಎಳೆದು ಉಳಿದ ಬಲ

ಹುಣಸಗಿ ತಾಲ್ಲೂಕಿನ ಕೊಡೇಕಲ್ ಸುತ್ತಿನ ಯಾವುದೇ ಊರಿನಲ್ಲಿ ಹೊಸ ಟ್ರ್ಯಾಕ್ಟರ್ ಮನೆ ಮುಂದೆ ಬಂದು ನಿಲ್ಲಲಿ, ಗಾಲಿಗೆ ನಿಂಬೆಹಣ್ಣು ಇಡುವ ಮೊದಲೇ ಒಂದು ಪ್ರಶ್ನೆ ಬಂದಿರುತ್ತದೆ: "ಎಷ್ಟ್ ಎಚ್‌ಪಿ ಐತ್ರಿ?" ನಲವತ್ತೈದು ಎಂದರೆ ತಲೆ ಆಡುತ್ತದೆ, ಐವತ್ತೈದು ಎಂದರೆ ಹುಬ್ಬು ಏರುತ್ತದೆ. ಟಾರ್ಕ್ ಎಷ್ಟು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಸುಗ್ಗಿಯಲ್ಲಿ ಅದೇ ಟ್ರ್ಯಾಕ್ಟರ್ ಭತ್ತದ ಚೀಲ ಹೇರಿಕೊಂಡು ಕಾಲುವೆಯ ಏರಿ ಹತ್ತುವಾಗ ಚಾಲಕ ಗೊಣಗುವ ಮಾತಿಗೂ ಎಚ್‌ಪಿಗೂ ಸಂಬಂಧವಿರುವುದಿಲ್ಲ: "ಲೋಡ್ ಜಗ್ಗವಲ್ದು, ಪಿಕಪ್ಪೇ ಇಲ್ಲ."

ಎಚ್‌ಪಿ ಒಂದು ಎಂಜಿನ್ ಹೆಚ್ಚೆಂದರೆ ಸೆಕೆಂಡಿಗೆ ಎಷ್ಟು ಕೆಲಸ ಮಾಡಬಲ್ಲದು ಎಂಬುದನ್ನು ಹೇಳುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಈ ಕ್ಷಣ, ಈ ಗೇರಿನಲ್ಲಿ, ಗಾಲಿಯು ನೆಲವನ್ನು ಎಷ್ಟು ಬಲವಾಗಿ ಹಿಂದಕ್ಕೆ ತಳ್ಳುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಪಿಕಪ್ ಎಂದು ಚಾಲಕರು ಕರೆಯುವ, ಶಾಲೆಯ ಪುಸ್ತಕ ವೇಗೋತ್ಕರ್ಷ ಎನ್ನುವ ಸಂಗತಿ ಹುಟ್ಟುವುದು ಆ ತಳ್ಳುವಿಕೆಯಿಂದ. ಅದರಲ್ಲೂ ತಳ್ಳುವಿಕೆಯ ಪೂರ್ತಿ ಮೊತ್ತದಿಂದಲ್ಲ. ಉಜ್ಜಾಟಕ್ಕೆ, ಏರಿಗೆ, ಕೆಸರಿಗೆ ಕೊಡಬೇಕಾದದ್ದನ್ನು ಕೊಟ್ಟ ಮೇಲೆ ಮಿಕ್ಕ ಭಾಗದಿಂದ.

ಈ ಸೀಮೆಯಲ್ಲಿ ಹೊರೆಯ ಲೆಕ್ಕ ಬದಲಾಗಿದ್ದು ನೀರು ಬಂದ ಮೇಲೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಹಾದ ಹುಣಸಗಿ, ಸುರಪುರ, ಶಹಾಪುರದ ಎರೆಭೂಮಿಯಲ್ಲಿ ಜೋಳ, ಸಜ್ಜೆ, ತೊಗರಿ ಇದ್ದ ಕಡೆ ಭತ್ತ ನಿಂತಿತು. ಎತ್ತಿನ ಗಾಡಿಯ ಹೊರೆ ಟ್ರ್ಯಾಕ್ಟರಿನ ಹೊರೆಯಾಯಿತು. ಇಲ್ಲಿ ಭತ್ತದ ಚೀಲ ಎಂದರೆ 75 ಕಿಲೋ. ಅರವತ್ತು ಚೀಲಕ್ಕೆ ನಾಲ್ಕೂವರೆ ಟನ್.

ಈಗ ಒಂದು ಲೆಕ್ಕ ಮಾಡೋಣ. ಯಾವ ಕಂಪನಿಯದೂ ಅಲ್ಲದ, ಆದರೆ ಎಲ್ಲ ಕಂಪನಿಗಳ ಹತ್ತಿರಕ್ಕೂ ಬರುವ 45 ಎಚ್‌ಪಿಯ ಟ್ರ್ಯಾಕ್ಟರ್ ಒಂದನ್ನು ಊಹಿಸಿಕೊಳ್ಳಿ. ತೂಕ 2,000 ಕಿಲೋ. ಹಿಂದೆ 1,500 ಕಿಲೋದ ಟ್ರೇಲರ್, ಅದರಲ್ಲಿ 4,500 ಕಿಲೋ ಭತ್ತ. ಒಟ್ಟು ಎಂಟು ಟನ್. ಎಂಜಿನ್ನಿನ ಗರಿಷ್ಠ ಟಾರ್ಕ್ 180 ನ್ಯೂಟನ್-ಮೀಟರ್. ಬಿಗಿಯಾದ ನಟ್ಟು ಬಿಚ್ಚಲು ಪಾನಾಕ್ಕೆ ಪೈಪು ತೊಡಿಸಿ ಉದ್ದ ಮಾಡಿಕೊಂಡವರಿಗೆ ಟಾರ್ಕ್ ಹೊಸದಲ್ಲ. ಬಲವನ್ನು ಕೈಯ ದೂರದಿಂದ ಗುಣಿಸಿದರೆ ಸಿಗುವುದೇ ಅದು. 180 ಎಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 18 ಕಿಲೋ ತೂಕ ಜೋತು ಬಿಟ್ಟಷ್ಟು. ಕೇಳಲು ಇಷ್ಟೇನಾ ಅನಿಸುತ್ತದೆ. ಎಂಜಿನ್ನಿನ ಶಾಫ್ಟ್ ಮಾಡುವುದು ನಿಜಕ್ಕೂ ಇಷ್ಟೇ. ಉಳಿದದ್ದು ಗೇರಿನ ಕೈಚಳಕ.

ಎಂಜಿನ್ 25 ಸುತ್ತು ತಿರುಗಿದಾಗ ಹಿಂದಿನ ಗಾಲಿ ಒಂದು ಸುತ್ತು ತಿರುಗುವ ಗೇರಿನಲ್ಲಿದ್ದೇವೆ ಎನ್ನಿ. ಟಾರ್ಕ್ 25 ಪಟ್ಟು ಹೆಚ್ಚಿ 4,500 ಆಗುತ್ತದೆ. ಹಲ್ಲುಗಳ ತಿಕ್ಕಾಟ, ಎಣ್ಣೆಯ ಅಂಟಿಗೆ ನೂರಕ್ಕೆ ಹದಿನೈದು ಹೋಗುತ್ತದೆ. ಮಿಕ್ಕಿದ್ದನ್ನು ಗಾಲಿಯ ತ್ರಿಜ್ಯದಿಂದ, ಅಂದರೆ 0.7 ಮೀಟರ್‌ನಿಂದ ಭಾಗಿಸಿದರೆ ನೆಲಕ್ಕೆ ಸಿಗುವ ತಳ್ಳುಬಲ ಸುಮಾರು 5,500 ನ್ಯೂಟನ್. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು.

ಮಟ್ಟಸವಾದ ಡಾಂಬರು ರಸ್ತೆಯಲ್ಲಿ ಟೈರು ಉರುಳುವುದಕ್ಕೇ ತೂಕದ ನೂರಕ್ಕೆ ಎರಡರಷ್ಟು ಬಲ ಬೇಕೆಂದು ಹಿಡಿಯೋಣ. ಖಾಲಿ ಟ್ರೇಲರ್ ಇದ್ದಾಗ, ಅಂದರೆ ಒಟ್ಟು ಮೂರೂವರೆ ಟನ್ ಇದ್ದಾಗ, ಅದಕ್ಕೆ 686 ನ್ಯೂಟನ್ ಹೋಗಿ 4,814 ಉಳಿಯುತ್ತದೆ. ಉಳಿದದ್ದನ್ನು ರಾಶಿಯಿಂದ ಭಾಗಿಸುವುದೇ ನ್ಯೂಟನ್ನನ ಎರಡನೆಯ ನಿಯಮ. ಪ್ರತಿ ಸೆಕೆಂಡಿಗೂ ವೇಗ ಗಂಟೆಗೆ ಸುಮಾರು 5 ಕಿಲೋಮೀಟರಿನಷ್ಟು ಏರುತ್ತದೆ ಎಂಬ ಉತ್ತರ ಬರುತ್ತದೆ. ಭತ್ತ ತುಂಬಿದಾಗ ಉರುಳಾಟಕ್ಕೆ 1,568 ಹೋಗಿ 3,932 ಉಳಿಯುತ್ತದೆ. ಅದನ್ನು ಎಂಟು ಟನ್ ಹಂಚಿಕೊಳ್ಳಬೇಕು. ಪ್ರತಿ ಸೆಕೆಂಡಿಗೂ ವೇಗ ಗಂಟೆಗೆ 1.8 ಕಿಲೋಮೀಟರಿನಷ್ಟು ಮಾತ್ರ ಏರುತ್ತದೆ. ಗಂಟೆಗೆ 10ರಿಂದ 15 ಕಿಲೋಮೀಟರಿಗೆ ಹೋಗಲು ಖಾಲಿ ಗಾಡಿಗೆ ಒಂದು ಸೆಕೆಂಡ್ ಸಾಕು, ತುಂಬಿದ ಗಾಡಿಗೆ ಸುಮಾರು ಮೂರು ಬೇಕು. ರಾಶಿ ಹೆಚ್ಚಿದ್ದು ಎರಡೂಕಾಲು ಪಟ್ಟು, ಪಿಕಪ್ ಇಳಿದದ್ದು ಹತ್ತಿರಹತ್ತಿರ ಮೂರು ಪಟ್ಟು. ಹೊರೆ ಎರಡು ಕಡೆಯಿಂದ ತಿನ್ನುತ್ತದೆ: ಉಳಿಯುವ ಬಲವನ್ನೂ ಕಡಿಮೆ ಮಾಡುತ್ತದೆ, ಉಳಿದ ಬಲದ ಮೇಲೆ ಹೆಚ್ಚು ಭಾರವನ್ನೂ ಹೇರುತ್ತದೆ.

ಈಗ ಕಾಲುವೆಯ ಏರಿ ಬಂತು. ನೂರು ಮೀಟರ್ ಹೋದರೆ ಐದು ಮೀಟರ್ ಮೇಲೇರುವ ದಾರಿ. ಅಷ್ಟೇನೂ ಕಡಿದಲ್ಲ, ನಡೆದು ಹೋದರೆ ಏದುಸಿರು ಬರುವುದಿಲ್ಲ. ಎಂಟು ಟನ್ನನ್ನು ಆ ಏರಿನಲ್ಲಿ ಜಾರದಂತೆ ಹಿಡಿದಿಡಲು ಬೇಕಾದ ಬಲ 3,920 ನ್ಯೂಟನ್. ಉರುಳಾಟದ 1,568 ಸೇರಿದರೆ 5,488. ನಮ್ಮಲ್ಲಿ ಇದ್ದದ್ದು 5,500. ಉಳಿದದ್ದು 12 ನ್ಯೂಟನ್, ಎಂಟು ಸಾವಿರ ಕಿಲೋ ಹೊತ್ತ ಗಾಡಿಗೆ. ಎಂಜಿನ್ ಕೆಟ್ಟಿಲ್ಲ, ಡೀಸೆಲ್ಲಿನಲ್ಲಿ ಕಲಬೆರಕೆ ಇಲ್ಲ, ಟ್ರ್ಯಾಕ್ಟರ್ ತನ್ನ ಪೂರ್ತಿ ಶಕ್ತಿಯಿಂದ ಎಳೆಯುತ್ತಲೇ ಇದೆ. ಚಾಲಕನಿಗೆ ಮಾತ್ರ ಪಿಕಪ್ ಸೊನ್ನೆ. ಖಾಲಿ ಗಾಡಿಗೆ ಇದೇ ಏರಿನಲ್ಲಿ ಮೂರು ಸಾವಿರ ನ್ಯೂಟನ್‌ಗಿಂತ ಹೆಚ್ಚು ಉಳಿಯುತ್ತದೆ. ಏರಿ ಇದೆ ಎಂಬುದೇ ಅದಕ್ಕೆ ಗೊತ್ತಾಗುವುದಿಲ್ಲ.

ಶಾಲೆಯ ಪುಸ್ತಕಗಳ ಮೇಲೆ ನನಗೊಂದು ತಕರಾರಿದೆ. ಅಲ್ಲಿ ಘರ್ಷಣೆಯಿಲ್ಲದ ಮೇಜಿನ ಮೇಲೆ ಒಂದು ಮರದ ತುಂಡು ಇರುತ್ತದೆ. ಬಲ ಎರಡು ಪಟ್ಟಾದರೆ ವೇಗೋತ್ಕರ್ಷ ಎರಡು ಪಟ್ಟು, ರಾಶಿ ಎರಡು ಪಟ್ಟಾದರೆ ಅರ್ಧ. ಲೆಕ್ಕ ಸರಿ. ಆದರೆ ಅಂಥ ಮೇಜು ಹುಣಸಗಿ ತಾಲ್ಲೂಕಿನಲ್ಲಿ ಎಲ್ಲೂ ಇಲ್ಲ. ನಿಜವಾದ ಯಂತ್ರದಲ್ಲಿ ಟಾರ್ಕ್ ನೂರಕ್ಕೆ ಹತ್ತು ಹೆಚ್ಚಿದರೆ ಪಿಕಪ್ ಹತ್ತು ಪಟ್ಟೂ ಹೆಚ್ಚಬಹುದು. ಮೇಲಿನ ಏರಿಯಲ್ಲಿ 5,500ರ ಬದಲು 6,050 ಇದ್ದಿದ್ದರೆ ಉಳಿಕೆ 12ರಿಂದ 562ಕ್ಕೆ ಜಿಗಿಯುತ್ತಿತ್ತು. ಮೇಲ್ನೋಟಕ್ಕೆ ಒಂದೇ ತರಹದ ಎರಡು ಟ್ರ್ಯಾಕ್ಟರುಗಳಲ್ಲಿ ಒಂದು ಏರಿ ಹತ್ತಿ ಇನ್ನೊಂದು ಕೈಕೊಡುವುದು ಹೀಗೆ.

ಅಂಥ ಹೊತ್ತಿನಲ್ಲಿ ಎಂಜಿನ್ನಿನ ಸದ್ದು ಗಡುಸಾಗುವುದನ್ನು ಕೇಳಿದ್ದೀರಿ. ಸುತ್ತು ಇಳಿಯುತ್ತಿದೆ, ಆದರೂ ಹಿಡಿದ ಪಟ್ಟು ಬಿಡುವುದಿಲ್ಲ. 45 ಎಚ್‌ಪಿ ಎಂಬ ಬರಹ ನಿಜವಾಗುವುದು ನಿಮಿಷಕ್ಕೆ ಸುಮಾರು 2,100 ಸುತ್ತಿನಲ್ಲಿ. ಅಲ್ಲಿ ಈ ಎಂಜಿನ್ನಿನ ಟಾರ್ಕ್ 153. ಹೊರೆ ಹೆಚ್ಚಿ ಸುತ್ತು 1,500ಕ್ಕೆ ಇಳಿದಾಗ ಟಾರ್ಕ್ 180ಕ್ಕೆ ಏರುತ್ತದೆ, ಎಚ್‌ಪಿ ಮಾತ್ರ 38ಕ್ಕೆ ಕುಸಿಯುತ್ತದೆ. ಟ್ರ್ಯಾಕ್ಟರ್ ಎಂಜಿನ್ನುಗಳನ್ನು ಬೇಕೆಂದೇ ಹೀಗೆ ರೂಪಿಸುತ್ತಾರೆ. ನೇಗಿಲಿಗೆ ಗಟ್ಟಿ ಮಣ್ಣು ಸಿಕ್ಕಾಗ ಚಾಲಕ ಏನೂ ಮಾಡದೆಯೇ ಎಂಜಿನ್ ತಾನಾಗಿ ಇನ್ನಷ್ಟು ಬಿಗಿಯಾಗಿ ಎಳೆಯಬೇಕು. ಎಚ್‌ಪಿ ಕಡಿಮೆಯಾದ ಗಳಿಗೆಯಲ್ಲೇ ಎಳೆತ ಹೆಚ್ಚಾಗುವ ಈ ಸಂಗತಿ ಶೋರೂಮಿನ ಕರಪತ್ರದಲ್ಲಿ ಕಾಣುವುದು ಕಡಿಮೆ. ಕಂಡರೂ ಚಿಕ್ಕ ಅಕ್ಷರದಲ್ಲಿ.

ಹಾಗಾದರೆ ಕೆಳಗಿನ ಗೇರಿಗೆ ಇಳಿಸಿದರಾಯಿತು. ಎಂಜಿನ್ನಿನ ನೂರು ಸುತ್ತಿಗೆ ಗಾಲಿ ಒಂದು ಸುತ್ತು ತಿರುಗುವ ಗೇರಿನಲ್ಲಿ ತಳ್ಳುಬಲ ನಾಲ್ಕು ಪಟ್ಟು, 22,000 ನ್ಯೂಟನ್. ಏರಿಯ 5,488 ಈಗ ಯಾವ ಲೆಕ್ಕ? ಆದರೆ ಮಟ್ಟದ ರಸ್ತೆಯಲ್ಲಿ ಈ ಗೇರಿನಿಂದ ಎಷ್ಟು ಪಿಕಪ್ ಸಿಗಬೇಕೆಂದು ಹಳೆಯ ಸೂತ್ರದಲ್ಲೇ ಗುಣಿಸಿದರೆ ಬರುವ ಉತ್ತರ ತಪ್ಪು. ಯಂತ್ರ ಹೊರೆಯನ್ನು ಮಾತ್ರ ಓಡಿಸುವುದಿಲ್ಲ, ತನ್ನ ಮೈಯನ್ನೂ ಓಡಿಸಿಕೊಳ್ಳಬೇಕು.

ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ದಪ್ಪ ಕಬ್ಬಿಣದ ಚಕ್ರ ಇದೆ. ಗಾಡಿಯ ವೇಗ ಸ್ವಲ್ಪ ಏರಬೇಕಾದರೂ ಅದರ ಸುತ್ತು ಬಹಳ ಏರಬೇಕು, ಕೆಳಗಿನ ಗೇರಿನಲ್ಲಂತೂ ನೂರು ಪಟ್ಟು ಏರಬೇಕು. ಗೇರಿನ ಅನುಪಾತ ಇಲ್ಲಿ ಎರಡು ಸಲ ಬಂದು ಗುಣಿಸುತ್ತದೆ: ಚಕ್ರದ ಸುತ್ತು ಅಷ್ಟು ಪಟ್ಟು ಬೇಗ ಏರಬೇಕು ಎಂಬುದು ಒಂದು, ಅದಕ್ಕೆ ಖರ್ಚಾದ ಟಾರ್ಕ್ ಗಾಲಿಯ ಬಳಿ ಅಷ್ಟು ಪಟ್ಟು ದೊಡ್ಡದಾಗಿ ಕಾಣೆಯಾಗುತ್ತದೆ ಎಂಬುದು ಇನ್ನೊಂದು. ಚಕ್ರದ ತಿರುಗು-ಜಡತ್ವ ಅರ್ಧ ಕಿಲೋಗ್ರಾಂ-ಚದರ ಮೀಟರ್ ಎಂದು ಹಿಡಿದರೆ, 25ರ ಗೇರಿನಲ್ಲಿ ಅದು ಟ್ರೇಲರಿಗೆ 640 ಕಿಲೋ ಹೆಚ್ಚು ಹೇರಿದಂತೆ ವರ್ತಿಸುತ್ತದೆ. (ಮೇಲಿನ ಲೆಕ್ಕದಲ್ಲಿ ಅದನ್ನು ಬಿಟ್ಟಿದ್ದೆ; ಸೇರಿಸಿದರೆ ಪಿಕಪ್ ಇನ್ನಷ್ಟು ತಗ್ಗುತ್ತದೆ.) ನೂರರ ಗೇರಿನಲ್ಲಿ ಅದೇ ಚಕ್ರ ಹತ್ತು ಟನ್‌ಗೂ ಮಿಗಿಲಾದ ಹೊರೆಯಾಗುತ್ತದೆ. ಹಿಂದೆ ಎಳೆಯುತ್ತಿರುವುದಕ್ಕಿಂತ ಒಳಗೆ ತಿರುಗುತ್ತಿರುವುದೇ ಭಾರ! ತಳ್ಳುಬಲ ನಾಲ್ಕು ಪಟ್ಟಾದರೂ ವೇಗೋತ್ಕರ್ಷ ಎರಡೂವರೆ ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕಿಂತಲೂ ಕೆಳಗಿನ ಗೇರಿಗೆ ಇಳಿದರೆ ಒಂದು ಹಂತದ ನಂತರ ಪಿಕಪ್ ಇಳಿಯುತ್ತಲೇ ಹೋಗುತ್ತದೆ; ಎಂಜಿನ್ ತನ್ನನ್ನೇ ತಿರುಗಿಸಿಕೊಳ್ಳುವುದರಲ್ಲಿ ದಣಿಯುತ್ತದೆ. ಬೆಂಗಳೂರಿನ ಪೀಣ್ಯದ ಯಂತ್ರಾಗಾರಗಳಲ್ಲಿ ಕಂಪ್ಯೂಟರ್ ಚಾಲಿತ ಲೇತುಗಳಿಗೆ ಮೋಟರ್ ಆರಿಸುವವರಿಗೂ ಇದೇ ಲೆಕ್ಕ ಬೇಕು. ಗೇರಿನ ಮೂಲಕ ನೋಡಿದಾಗ ಹೊರೆಯ ಜಡತ್ವವೂ ಮೋಟರಿನ ಸ್ವಂತ ಜಡತ್ವವೂ ಸಮನಾಗಿ ಕಂಡರೆ ಆ ಹೊರೆ ಅತಿ ಬೇಗ ಓಟ ಹಿಡಿಯುತ್ತದೆ.

ಇಷ್ಟಾದರೂ 22,000 ನ್ಯೂಟನ್ ಬಲವನ್ನು ನೆಲ ತೆಗೆದುಕೊಳ್ಳಬೇಕಲ್ಲ! ಹಿಂದಿನ ಎರಡು ಗಾಲಿಗಳ ಮೇಲೆ ಕೂತಿರುವ ತೂಕ, ಟ್ರೇಲರಿನ ಮೂತಿ ಒತ್ತುವುದೂ ಸೇರಿ, 1,800 ಕಿಲೋ ಎನ್ನಿ. ಒಣಗಿದ ಡಾಂಬರಿನ ಮೇಲೆ ಟೈರಿಗೆ ಆ ತೂಕದ ನೂರಕ್ಕೆ ಎಪ್ಪತ್ತರಷ್ಟು, ಸುಮಾರು 12,300 ನ್ಯೂಟನ್ ಹಿಡಿತ ಸಿಗುತ್ತದೆ. ಒಂದು ಮಳೆ ಬಿದ್ದ ಎರೆಮಣ್ಣಿನಲ್ಲಿ ನೂರಕ್ಕೆ ಮೂವತ್ತು ಸಿಕ್ಕರೆ ಪುಣ್ಯ. ಆಗ 5,300ರ ಮೇಲೆ ಒಂದು ನ್ಯೂಟನ್ನೂ ದಾಟುವುದಿಲ್ಲ, ಗಾಲಿ ಇದ್ದಲ್ಲೇ ಗರಗರ ತಿರುಗುತ್ತದೆ. ಇಲ್ಲಿ ಹೆಚ್ಚಿನ ಟಾರ್ಕ್‌ನಿಂದ ಆಗುವ ಲಾಭ ಗುಂಡಿ ಇನ್ನಷ್ಟು ಆಳವಾಗುವುದು ಅಷ್ಟೇ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಈಚೆಗೆ ಜನ ಮುಗಿಬಿದ್ದು ನೋಡುವ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ಈ ಪಾಠವನ್ನು ದೂಳೆಬ್ಬಿಸಿ ಹೇಳುತ್ತದೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ಸರಪಳಿ ಕಟ್ಟುತ್ತಾರೆ. ಎರಡರ ಎಂಜಿನ್ನಿಗೂ ಕೆಳಗಿನ ಗೇರಿನಲ್ಲಿ ಬೇಕಾದಷ್ಟು ಟಾರ್ಕ್ ಇದೆ. ಗೆಲ್ಲುವುದು ಬಹುಮಟ್ಟಿಗೆ ನೆಲವನ್ನು ಬಿಗಿಯಾಗಿ ಕಚ್ಚಿದ್ದು: ಭಾರವಾದದ್ದು, ಟೈರಿನ ಹಲ್ಲು ಸವೆಯದ್ದು, ಕ್ಲಚ್ಚನ್ನು ಹದವಾಗಿ ಬಿಟ್ಟವನದ್ದು. ರಸ್ತೆಯಲ್ಲಿ ಪಿಕಪ್ ತಿಂದ ಅದೇ ತೂಕ ಇಲ್ಲಿ ಗೆಲುವು ಕೊಡುತ್ತದೆ. ಹಿಂದಿನ ಟೈರಿಗೆ ನೀರು ತುಂಬಿಸುವ ರೂಢಿ ಇದಕ್ಕೇ ಬಂದದ್ದು. ಇನ್ನು ಹಿಡಿತವೂ ಸಿಕ್ಕು ಟಾರ್ಕೂ ಮಿಕ್ಕಿದರೆ ಮೂರನೆಯ ಅಪಾಯ ಕಾದಿದೆ. ಗಾಲಿ ಮುಂದಕ್ಕೆ ತಿರುಗಲಾರದೆ ಹೋದಾಗ ಟ್ರ್ಯಾಕ್ಟರಿನ ಮೈಯೇ ಹಿಂದಿನ ಅಚ್ಚಿನ ಸುತ್ತ ತಿರುಗತೊಡಗಿ ಮೂತಿ ಮೇಲೇಳುತ್ತದೆ. ಮೂತಿಗೆ ಕಬ್ಬಿಣದ ತೂಕ ಕಟ್ಟುವುದು, ಸರಪಳಿಯನ್ನು ಅಚ್ಚಿಗಿಂತ ಕೆಳಗೆ ಮಾತ್ರ ಸಿಕ್ಕಿಸಬೇಕೆನ್ನುವುದು ಈ ಕಾರಣಕ್ಕೆ. ಎದ್ದ ಟ್ರ್ಯಾಕ್ಟರ್ ಪೂರ್ತಿ ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡ್ ಸಾಕು. ಚಾಲಕ ಕ್ಲಚ್ ತುಳಿಯಬೇಕೆಂದು ಯೋಚಿಸಿ ಕಾಲು ಎತ್ತುವುದರೊಳಗೆ ಅರ್ಧ ಹೊತ್ತು ಕಳೆದಿರುತ್ತದೆ.

ಗಾಲಿಯ ಮಾತು ಬಿಟ್ಟು ಹಿಟ್ಟಿನ ಗಿರಣಿಗೆ ಹೋಗೋಣ. ಇಲ್ಲಿ ಹೊರೆ ಎಲ್ಲಿಗೂ ಹೋಗುವುದಿಲ್ಲ, ನಿಂತಲ್ಲೇ ತಿರುಗುತ್ತದೆ. ಹಾಗಾಗಿ ಎಷ್ಟು ತೂಕ ಎನ್ನುವುದರ ಜೊತೆಗೆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಅದೂ ವರ್ಗವಾಗಿ. ಒಂದೇ ತೂಕದ ಎರಡು ಬೀಸುವ ಕಲ್ಲುಗಳಲ್ಲಿ ಒಂದರ ಅಗಲ ಇನ್ನೊಂದರ ಎರಡು ಪಟ್ಟಿದ್ದರೆ, ಅದನ್ನು ಅಷ್ಟೇ ಬೇಗ ಓಟಕ್ಕೆ ತರಲು ನಾಲ್ಕು ಪಟ್ಟು ಟಾರ್ಕ್ ಬೇಕು.

ಗಿರಣಿಯವರು ಸ್ವಿಚ್ ಹಾಕುವಾಗ ಕಾಳು ಬಿಡುವುದಿಲ್ಲ. ಕಲ್ಲು ಪೂರ್ತಿ ಓಟ ಹಿಡಿದ ಮೇಲೆಯೇ ಜೋಳ ಸುರಿಯುತ್ತಾರೆ. ಹತ್ತು ಎಚ್‌ಪಿಯ ಮೋಟರ್ ಒಂದು ಓಟ ಹಿಡಿಯುವಾಗ ಸರಾಸರಿ 75 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ ಎನ್ನಿ. ಬೆಲ್ಟು, ಬೇರಿಂಗಿನ ತಿಕ್ಕಾಟಕ್ಕೆ 10 ಬೇಕು. ಕಲ್ಲಿನ ಸಂದಿಯಲ್ಲಿ ಹಿಂದಿನ ದಿನದ ಕಾಳು ಉಳಿದಿದ್ದರೆ 25. ಪೂರ್ತಿ ವೋಲ್ಟೇಜು ಇದ್ದಾಗ ಕಾಳು ಕಚ್ಚಿದ್ದರೂ 50 ಉಳಿಯುತ್ತದೆ, ಕಲ್ಲು ಸರ್ರನೆ ಎದ್ದುಬಿಡುತ್ತದೆ. ಇಂಡಕ್ಷನ್ ಮೋಟರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಉದ್ದನೆಯ ತಂತಿಯ ಕೊನೆಯ ಊರಿನಲ್ಲಿ ಸಂಜೆ ವೋಲ್ಟೇಜು ನೂರಕ್ಕೆ ಎಂಬತ್ತಕ್ಕೆ ಇಳಿದರೆ ಟಾರ್ಕ್ 48. ಉಳಿಕೆ 23, ಅಂದರೆ ಅರ್ಧಕ್ಕೂ ಕಡಿಮೆ. ಓಟ ಹಿಡಿಯಲು ಎರಡು ಪಟ್ಟಿಗೂ ಹೆಚ್ಚು ಹೊತ್ತು. ವೋಲ್ಟೇಜು ಅರವತ್ತಕ್ಕೆ ಇಳಿದರೆ ಟಾರ್ಕ್ 27, ಉಳಿಕೆ ಬರೀ 2. ಮೋಟರ್ ಗುಂಯ್ ಎನ್ನುತ್ತದೆ, ಕಲ್ಲು ಮೈಮುರಿಯುತ್ತದೆ. ನಿಂತ ಮೋಟರ್ ಪೂರ್ತಿ ವೋಲ್ಟೇಜಿನಲ್ಲಿ ಸಾಮಾನ್ಯದ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅರವತ್ತರಲ್ಲೂ ಮೂರು ಪಟ್ಟಿಗೆ ಕಡಿಮೆ ಇಲ್ಲ. ಕರೆಂಟು ಮೂರು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಕಾವು ಒಂಬತ್ತು ಪಟ್ಟು. ಕಾಯಿಲ್ ಸುಡುವುದು ಈ ಗುಂಯ್ ಎನ್ನುವ ಹೊತ್ತಿನಲ್ಲಿ. ಅದೇ ವೋಲ್ಟೇಜಿನಲ್ಲಿ ಕಲ್ಲು ಖಾಲಿ ಇದ್ದಿದ್ದರೆ ಉಳಿಕೆ 17 ಇರುತ್ತಿತ್ತು, ತಡವಾಗಿಯಾದರೂ ಗಿರಣಿ ಏಳುತ್ತಿತ್ತು. ಕಾಳು ಬಿಡದೆ ಸ್ವಿಚ್ ಹಾಕುವ ಪದ್ಧತಿಯನ್ನು ಯಾವ ಎಂಜಿನಿಯರೂ ಬಂದು ಕಲಿಸಿದ್ದಲ್ಲ.

ಮೋಟರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಎಬ್ಬಿಸಿ ಆಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವ ಕಡೆ ಎಚ್ಚರ ಇನ್ನೂ ಹೆಚ್ಚು ಬೇಕು. ಸ್ಟಾರ್‌ನಲ್ಲಿ ಕರೆಂಟು ಮೂರನೆಯ ಒಂದಕ್ಕೆ ಇಳಿಯುತ್ತದೆ, ಅದರ ಜೊತೆಗೆ ಟಾರ್ಕೂ ಮೂರನೆಯ ಒಂದಕ್ಕೆ ಇಳಿಯುತ್ತದೆ. 75ರ ಜಾಗದಲ್ಲಿ 25. ಕಾಳು ಕಚ್ಚಿದ ಗಿರಣಿ ಅಲ್ಲಾಡುವುದೇ ಇಲ್ಲ. ಕಾಲುವೆ ದಂಡೆಯ ಪಂಪ್‌ಸೆಟ್ಟುಗಳಿಗೆ ಈ ಕಷ್ಟ ಕಡಿಮೆ. ಸೆಂಟ್ರಿಫ್ಯೂಗಲ್ ಪಂಪು ಕೇಳುವ ಟಾರ್ಕ್ ಸುತ್ತಿನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಶುರುವಿನಲ್ಲಿ ಅದು ಹೆಚ್ಚುಕಮ್ಮಿ ಏನನ್ನೂ ಕೇಳುವುದಿಲ್ಲ.

ಅವಸರವೇ ಇಲ್ಲದ ಯಂತ್ರಗಳ ಲೋಕ ಬೇರೆ. ಎಡದಂಡೆ ಕಾಲುವೆಯನ್ನು ಆಧುನೀಕರಿಸುವಾಗ ಕೃಷ್ಣಾ ಭಾಗ್ಯ ಜಲ ನಿಗಮ ಸ್ಕಾಡಾ ವ್ಯವಸ್ಥೆಯಡಿ ದೂರದಿಂದಲೇ ನಡೆಸುವ ಗೇಟುಗಳನ್ನು ಹಾಕಿಸಿತು. ನೆತ್ತಿಯ ಮೇಲೆ ಒಂದು ಸೋಲಾರ್ ಫಲಕ, ಒಳಗೊಂದು ಬ್ಯಾಟರಿ, ಸಣ್ಣ ಮೋಟರ್. ಇಷ್ಟು ಸಣ್ಣದು ನೀರಿಗೆ ಅಡ್ಡ ನಿಂತ ಗೇಟನ್ನು ಹೇಗೆ ಎತ್ತುತ್ತದೆ ಎಂದು ಅಚ್ಚರಿಪಡುವವರಿಗೆ ಉತ್ತರ ಸಮಯದಲ್ಲಿದೆ. 200 ಕಿಲೋದ ಗೇಟನ್ನು ಒಂದು ಮೀಟರ್ ಎತ್ತಲು ಐದು ನಿಮಿಷ ತೆಗೆದುಕೊಂಡರೆ ಅದರ ತೂಕಕ್ಕೆ ಬೇಕಾದ ಶಕ್ತಿ ಆರೂವರೆ ವ್ಯಾಟ್, ಮನೆಯ ಸಣ್ಣ ಎಲ್‌ಇಡಿ ಬಲ್ಬಿನಷ್ಟು. ನೀರಿನ ಒತ್ತಡದ ತಿಕ್ಕಾಟಕ್ಕೆ ಅದರ ಕೆಲವು ಪಟ್ಟು ಸೇರಿಸಿದರೂ ದೊಡ್ಡ ಮಾತಲ್ಲ. ಮೋಟರಿನ ನೂರಾರು ಸುತ್ತಿಗೆ ಗೇಟು ಒಂದಿಷ್ಟೇ ಏಳುವಂತೆ ಗೇರ್ ಇಟ್ಟರೆ ಹೊರೆಯ ರಾಶಿ ಮೋಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಆ ಅನುಪಾತದ ವರ್ಗದಿಂದ ಭಾಗಿಸಿಕೊಂಡು ಅದು ಪುಡಿಯಾಗಿರುತ್ತದೆ.

ಇದೇ ಯುಕ್ತಿ ಇಲ್ಲಿ ಹೊಸತಲ್ಲ. ಕೊಡೇಕಲ್ ಬಳಿಯ ರಾಜನಕೋಳೂರಿನಲ್ಲಿ ಬೃಹತ್ ಶಿಲಾಯುಗದ ಗೋರಿಗಳಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಅವುಗಳನ್ನು ಗುರುತಿಸಿ ಬರೆದ. ನಿಲ್ಲಿಸಿದ ಚಪ್ಪಡಿಗಳ ಮೇಲೆ ಇನ್ನೊಂದು ಭಾರಿ ಚಪ್ಪಡಿ. ಅದನ್ನು ಮೇಲೇರಿಸಿದವರ ಬಳಿ ಎಚ್‌ಪಿ ಕಡಿಮೆ, ಬಿಡುವು ಹೆಚ್ಚು. ಕಲ್ಲನ್ನು ಹಿಡಿದಿಡುವಷ್ಟು ಬಲ ಇದ್ದು, ಅದರ ಮೇಲೆ ಕೂದಲೆಳೆಯಷ್ಟು ಮಿಕ್ಕರೂ ಕಲ್ಲು ಏರುತ್ತದೆ. ಬೇಗ ಏರುವುದಿಲ್ಲ, ಅಷ್ಟೆ.

ಬಸವಸಾಗರದ 30 ಕ್ರೆಸ್ಟ್ ಗೇಟುಗಳಲ್ಲಿ ಜಾಣತನ ಆಕಾರದಲ್ಲಿದೆ. ಅವು ಕಮಾನಿನಂತೆ ಬಾಗಿದ ರೇಡಿಯಲ್ ಗೇಟುಗಳು. ಬಾಗಿದ ಮುಖದ ಪ್ರತಿ ಬಿಂದುವಿನಲ್ಲೂ ನೀರು ಲಂಬವಾಗಿ ಒತ್ತುತ್ತದೆ. ಆ ಒತ್ತಡದ ಗೆರೆಗಳೆಲ್ಲ ಕಮಾನಿನ ಕೇಂದ್ರದಲ್ಲಿರುವ ಅಚ್ಚಿನ ಮೂಲಕವೇ ಹಾಯುತ್ತವೆ. ಅಚ್ಚಿನ ಮೂಲಕ ಹಾಯುವ ಬಲಕ್ಕೆ ತಿರುಗಿಸುವ ಸಾಮರ್ಥ್ಯ ಇಲ್ಲ. ಬಾಗಿಲನ್ನು ತಿರುಗಣಿಯ ಜಾಗದಲ್ಲೇ ಎಷ್ಟು ತಳ್ಳಿದರೂ ಅದು ತೆರೆಯದು. ಹೀಗೆ ಜಲಾಶಯದ ಪೂರ್ತಿ ಒತ್ತಡ ಕಾಂಕ್ರೀಟಿನ ಕಂಬಕ್ಕೆ ಹೋಗುತ್ತದೆ. ಮೇಲಿನ ಮೋಟರಿಗೆ ಉಳಿಯುವುದು ಗೇಟಿನ ತೂಕ, ಅಚ್ಚಿನ ತಿಕ್ಕಾಟ, ಅಂಚಿನ ರಬ್ಬರಿನ ಉಜ್ಜಾಟ.

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ ಹಳೆಯ ತಲೆಮಾರಿನವರು ಬೇರೆ ದಾರಿ ಹಿಡಿದರು. ಅಲ್ಲಿನ 33 ಗೇಟುಗಳು ನೇರವಾಗಿ ಮೇಲೇಳುವಂಥವು. ಅಗಲ 60 ಅಡಿ, ಎತ್ತರ 20 ಅಡಿ. ಸರಪಳಿಯ ಒಂದು ತುದಿಗೆ ಗೇಟು, ಇನ್ನೊಂದು ತುದಿಗೆ ಪ್ರತಿಭಾರ. ಗೇಟಿನ ತೂಕದ ದೊಡ್ಡ ಪಾಲನ್ನು ಆ ಪ್ರತಿಭಾರ ಹೊರುವುದರಿಂದ ಮೋಟರ್ ವ್ಯತ್ಯಾಸವನ್ನಷ್ಟೇ ಎಳೆದರೆ ಸಾಕು. ಆದರೆ ಭಾರವೆಲ್ಲ ಸದಾ ಸರಪಳಿಯಲ್ಲೇ ಜೋತಾಡುತ್ತಿರುತ್ತದೆ, ಮೋಟರ್ ಬಂದ್ ಆಗಿದ್ದರೂ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ತಡೆಹಲಗೆಗಳನ್ನು ಇಳಿಸಿ ವಾರದೊಳಗೆ ಹರಿವು ನಿಲ್ಲಿಸಿದರು.

ಪ್ರತಿಭಾರದ ಒಳಗುಟ್ಟು ಇನ್ನೂ ಚೆನ್ನಾಗಿ ಕಾಣುವುದು ಗಣಿಯಲ್ಲಿ. ಕೃಷ್ಣೆಯ ಆಚೆ ದಡದ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಕಂಪನಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಅಂಥ ಆಳದ ಗಣಿಯಲ್ಲಿ ಜನರನ್ನೂ ಅದಿರನ್ನೂ ಮೇಲಕ್ಕೆ ತರುವ ಪಂಜರವನ್ನು ಎತ್ತುವ ವೈಂಡರ್‌ಗೆ ಅವಸರವೂ ಇದೆ, ಭಾರವೂ ಇದೆ. ಮೂರು ಟನ್ ಪಂಜರ, ನಾಲ್ಕು ಟನ್ ಅದಿರು ಎನ್ನಿ. ಪ್ರತಿಭಾರ ಇಲ್ಲದೆ, ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಂತೆ ಏರಬೇಕಾದರೆ 75,600 ನ್ಯೂಟನ್ ಬೇಕು. ಅದರಲ್ಲಿ 68,600 ಬರೀ ಹಿಡಿದಿಡುವುದಕ್ಕೆ. ಇನ್ನೊಂದು ಬದಿಗೆ ಐದು ಟನ್ ಪ್ರತಿಭಾರ ಕಟ್ಟಿದರೆ ಹಿಡಿದಿಡುವ ಖರ್ಚು 19,600ಕ್ಕೆ ಕುಸಿಯುತ್ತದೆ. ಆದರೆ ಓಡಿಸಬೇಕಾದ ರಾಶಿ ಏಳು ಟನ್ನಿನಿಂದ ಹನ್ನೆರಡಕ್ಕೆ ಏರಿ, ಓಟಕ್ಕೆ 7,000 ಬೇಕಿದ್ದಲ್ಲಿ 12,000 ಬೇಕಾಗುತ್ತದೆ. ಒಟ್ಟು 31,600. ಎತ್ತುವ ಭಾರ, ಓಡಿಸುವ ರಾಶಿ ಎರಡೂ ಒಂದೇ ಅಲ್ಲ ಎಂಬುದು ಇಷ್ಟು ಸ್ಪಷ್ಟವಾಗಿ ಕಾಣುವ ಯಂತ್ರ ಇನ್ನೊಂದಿಲ್ಲ. ಇದರ ಮೇಲೆ ಹಗ್ಗದ ತೂಕ ಬೇರೆ: ಮೀಟರಿಗೆ ನಾಲ್ಕು ಕಿಲೋದ ಉಕ್ಕಿನ ಹಗ್ಗ 800 ಮೀಟರ್ ಇಳಿದರೆ ಅದೇ ಮೂರು ಟನ್ ದಾಟುತ್ತದೆ. ಪಂಜರ ಏರಿದಂತೆಲ್ಲ ಆ ತೂಕ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತದೆ. ಅದನ್ನು ಸರಿದೂಗಿಸಲು ಪಂಜರದ ಕೆಳಗೂ ಬಾಲದಂತೆ ಹಗ್ಗ ಇಳಿಬಿಡುವುದುಂಟು.

ಹೊರೆ ಬದಲಾದಂತೆ ಟಾರ್ಕನ್ನೇ ಬದಲಿಸುವ ದಾರಿಯೂ ಇದೆ. ಬೆಂಗಳೂರಿನ ಮೆಟ್ರೊ ಬೆಳಿಗ್ಗೆ ತುಂಬಿ ತುಳುಕಿದರೂ ಮಧ್ಯಾಹ್ನ ಖಾಲಿ ಇದ್ದರೂ ನಿಲ್ದಾಣದಿಂದ ಹೊರಡುವ ಬಿರುಸು ಹೆಚ್ಚುಕಮ್ಮಿ ಒಂದೇ. ಅಂಥ ರೈಲುಗಳಲ್ಲಿ ಬೋಗಿಯ ಕೆಳಗಿನ ಗಾಳಿಚೀಲದ ಒತ್ತಡದಿಂದ ಜನರ ತೂಕ ಅಳೆದು, ಮೋಟರಿನ ಟಾರ್ಕನ್ನು ಅದಕ್ಕೆ ತಕ್ಕಂತೆ ಏರಿಸುವ ವ್ಯವಸ್ಥೆ ಇರುತ್ತದೆ. ನಿಲ್ಲುವಾಗ ಅದೇ ಮೋಟರುಗಳು ಜನರೇಟರುಗಳಾಗಿ ಓಟದ ಶಕ್ತಿಯನ್ನು ವಿದ್ಯುತ್ತಾಗಿ ಹಿಂದಿರುಗಿಸುತ್ತವೆ.

ಭತ್ತದ ಟ್ರೇಲರಿಗೆ ಈ ಭಾಗ್ಯವಿಲ್ಲ, ಬಹುತೇಕ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಏರಿ ಹತ್ತಿದ ಗಾಡಿ ಇನ್ನೊಂದು ಮಗ್ಗುಲಿಗೆ ಇಳಿಯಬೇಕು. ನೂರಕ್ಕೆ ಹತ್ತರ ಇಳಿಜಾರಿನಲ್ಲಿ ಎಂಟು ಟನ್ನನ್ನು ಕೆಳಕ್ಕೆ ಎಳೆಯುವ ಬಲ 7,840 ನ್ಯೂಟನ್. ಉರುಳಾಟ 1,568 ಕಳೆದರೆ 6,272 ಉಳಿಯುತ್ತದೆ. ಏರಿ ಹತ್ತುವಾಗ 25ರ ಗೇರಿನಲ್ಲಿ ಎಂಜಿನ್ನಿಗೆ ಸಿಗದಿದ್ದ ಉಳಿಕೆ. ಡೀಸೆಲ್ ಉಳಿಸಲೆಂದು ಚಾಲಕ ಗೇರು ತೆಗೆದರೆ ಅಥವಾ ಕ್ಲಚ್ ತುಳಿದರೆ ಐದೇ ಸೆಕೆಂಡಿನಲ್ಲಿ ಗಾಡಿಯ ವೇಗಕ್ಕೆ ಗಂಟೆಗೆ 14 ಕಿಲೋಮೀಟರ್ ಕೂಡುತ್ತದೆ. ಆಗ ಗಾಬರಿಯಾಗಿ ಬ್ರೇಕ್ ಒತ್ತಿದರೆ ಎರಡು ಟನ್ನಿನ ಟ್ರ್ಯಾಕ್ಟರ್ ನಿಲ್ಲಲು ನೋಡುತ್ತದೆ, ಹಿಂದಿನ ಆರು ಟನ್ ಅದರ ಬೆನ್ನು ತಳ್ಳಿ ಅಡ್ಡ ತಿರುಗಿಸುತ್ತದೆ. ಹತ್ತುವಾಗ ಇದ್ದ ಕೆಳಗಿನ ಗೇರಿನಲ್ಲೇ ಇಳಿದರೆ, ನೂರು ಪಟ್ಟು ಸುತ್ತಬೇಕಾದ ಎಂಜಿನ್ನೇ ಗಾಲಿಯನ್ನು ಹಿಡಿದೆಳೆಯುತ್ತದೆ. ಅನುಭವಿ ಚಾಲಕರು ಏರಿಯ ನೆತ್ತಿಯಲ್ಲಿ ಒಂದು ಗಳಿಗೆ ನಿಂತು, ಗೇರು ಬಿದ್ದಿರುವುದನ್ನು ಖಾತ್ರಿ ಮಾಡಿಕೊಂಡೇ ಕೆಳಗಿಳಿಯುತ್ತಾರೆ.